ಕಾಪಿಪ್ರಾಪರ್ಟೀಸ್ ನಂತರ ಮೌಲ್ಯ ಕಾಣೆಯಾದರೆ: ಗುಣ ನಕಲು ಲೈಬ್ರರಿಗಳ ದೋಷ ನಿವಾರಣೆ ಕೈಪಿಡಿ

ಒಂದು ಆಬ್ಜೆಕ್ಟಿನ ಗುಣಗಳನ್ನು ಇನ್ನೊಂದು ಆಬ್ಜೆಕ್ಟಿಗೆ ಒಂದೇ ಸಾಲಿನಲ್ಲಿ ನಕಲಿಸಿಕೊಡುವ ಲೈಬ್ರರಿಗಳು ಕೆಡುವ ರೀತಿಯೇ ಬೇರೆ. ಡೇಟಾಬೇಸ್ ಸಂಪರ್ಕ ತಪ್ಪಿದರೆ ಲಾಗಿನಲ್ಲಿ ಸಾಲುಸಾಲು ದೋಷ ಸಂದೇಶಗಳು ಬಂದು ಬೀಳುತ್ತವೆ. ನಕಲು ತಪ್ಪಿದರೆ ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗುತ್ತದೆ, ತಪ್ಪು ಮೊದಲು ಕಣ್ಣಿಗೆ ಬೀಳುವುದು ಗಿರಾಕಿಯ ಕೈಯಲ್ಲಿರುವ ಮುದ್ರಿತ ಕಾಗದದ ಮೇಲೆ. ಹೀಗಾಗಿ ಇಲ್ಲಿ ದೋಷ ಹುಡುಕುವವರು ಲಾಗಿಗಿಂತ ಹೆಚ್ಚಾಗಿ ಲಕ್ಷಣಗಳನ್ನು ಓದಲು ಕಲಿಯಬೇಕಾಗುತ್ತದೆ.

ಈ ಕೈಪಿಡಿ ಜಾವಾದಲ್ಲಿ ಬರೆದ ಪ್ರೋಗ್ರಾಂಗಳಿಗೆ ಸಂಬಂಧಿಸಿದ್ದು. ಅಪಾಚೆ ಕಾಮನ್ಸ್ ಬೀನ್‌ಯುಟಿಲ್ಸ್ (ಮುಂದೆ ಬರೀ ಕಾಮನ್ಸ್) ಮತ್ತು ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನೊಳಗೇ ಬರುವ ಬೀನ್‌ಯುಟಿಲ್ಸ್ ಎಂಬ ಎರಡು ಸಲಕರಣೆಗಳನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇನೆ; ನಕಲು ಮಾಡುವ ಮೆಥಡ್ಡಿನ ಹೆಸರು ಎರಡರಲ್ಲೂ ಕಾಪಿಪ್ರಾಪರ್ಟೀಸ್. ಉದಾಹರಣೆಗಳೆಲ್ಲ ಹುಬ್ಬಳ್ಳಿಯಲ್ಲಿ ಕುಳಿತು ನಾವು ನೋಡಿಕೊಳ್ಳುವ ಒಂದು ತಂತ್ರಾಂಶದಿಂದ ಬಂದವು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳು ಲಾಟ್, ತೂಕ, ಟೆಂಡರ್ ದರ ಮತ್ತು ಖರೀದಿದಾರರ ಬಿಲ್ಲುಗಳನ್ನು ಅದರಲ್ಲಿ ನಮೂದಿಸುತ್ತವೆ. ಸೋಮವಾರ ಮತ್ತು ಗುರುವಾರ ಆವಕ ಜೋರಾಗಿರುವ ದಿನಗಳಾದ್ದರಿಂದ ಆ ಎರಡು ದಿನಗಳಲ್ಲಿ ಬಿಲ್ಲಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಸಂಜೆಯೊಳಗೆ ಫೋನ್ ಬರುತ್ತದೆ.

ಲೈಬ್ರರಿ ಒಳಗೆ ಮಾಡುವ ಕೆಲಸವನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಅದು ಫೀಲ್ಡುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಪ್ರೋಗ್ರಾಂ ಓಡುತ್ತಿರುವಾಗ ರಿಫ್ಲೆಕ್ಷನ್ (ಕ್ಲಾಸಿನೊಳಗೆ ಏನಿದೆಯೆಂದು ನೋಡಿಕೊಳ್ಳುವ ಜಾವಾದ ಸೌಲಭ್ಯ) ಮೂಲಕ ಎರಡೂ ಕ್ಲಾಸುಗಳ, ಮೌಲ್ಯ ಓದುವ ಗೆಟರ್ ಮತ್ತು ಮೌಲ್ಯ ಬರೆಯುವ ಸೆಟರ್ ಮೆಥಡ್‌ಗಳನ್ನು ಹುಡುಕಿ, ಅವುಗಳ ಹೆಸರಿನಿಂದ ಗುಣದ ಹೆಸರನ್ನು ಊಹಿಸಿಕೊಂಡು, ಮೂಲದಲ್ಲಿ ಗೆಟರ್ ಇದ್ದು ಗುರಿಯಲ್ಲಿ ಅದೇ ಹೆಸರಿನ ಸೆಟರ್ ಇದ್ದರೆ ಮಾತ್ರ ಮೌಲ್ಯವನ್ನು ದಾಟಿಸುತ್ತದೆ. ಹೊಂದಾಣಿಕೆ ಸಿಗದ ಗುಣವನ್ನು ಸುಮ್ಮನೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಹೀಗೆ ಬಿಡುವುದು ಲೈಬ್ರರಿ ಬರೆದವರ ಉದ್ದೇಶವೇ ಆಗಿದೆ, ಏಕೆಂದರೆ ಅರ್ಧ ಗುಣಗಳು ಮಾತ್ರ ಹೊಂದುವ ಎರಡು ಕ್ಲಾಸುಗಳ ನಡುವೆ ನಕಲು ಮಾಡಲೆಂದೇ ಅದು ಹುಟ್ಟಿದ್ದು. ಕಂಪೈಲರಿಗೆ ಎರಡೂ ಪ್ಯಾರಾಮೀಟರುಗಳು ಬರೀ ಆಬ್ಜೆಕ್ಟುಗಳಾಗಿ ಕಾಣುವುದರಿಂದ ಅದು ಯಾವ ತಪ್ಪನ್ನೂ ಹಿಡಿಯಲಾರದು.

ಲಕ್ಷಣದಿಂದ ಶುರು ಮಾಡುವುದು

ದೂರು ಬಂದಾಗ ಕೋಡ್ ತೆರೆಯುವ ಮೊದಲು ದೂರಿನ ಮಾತನ್ನೇ ಗಮನವಿಟ್ಟು ಕೇಳಬೇಕು. ಒಮ್ಮೆ ಅಂಗಡಿಯ ಗುಮಾಸ್ತರು ಫೋನಿನಲ್ಲಿ ಹೇಳಿದ್ದು ಹೀಗಿತ್ತು: "ಸರ, ಸಣ್ಣ ಬಿಲ್ಲೆಲ್ಲಾ ಬರೋಬರಿ ಅದಾವ್ರಿ, ದೊಡ್ಡ ಬಿಲ್ಲಿನ್ಯಾಗ ಅಷ್ಟ ಹಮಾಲಿ ಸೊನ್ನಿ ಬರಾಕತ್ತೈತಿ ನೋಡ್ರಿ." ಈ ಒಂದು ವಾಕ್ಯದಲ್ಲಿ ರೋಗನಿರ್ಣಯದ ಅರ್ಧ ಭಾಗ ಮುಗಿದಿದೆ. ಹೆಸರು ಹೊಂದದ ದೋಷವಾಗಿದ್ದರೆ ಎಲ್ಲ ಬಿಲ್ಲುಗಳಲ್ಲೂ ಹಮಾಲಿ ಹೋಗಬೇಕಿತ್ತು. ಕೆಲವಲ್ಲಿ ಬಂದು ಕೆಲವಲ್ಲಿ ಹೋಗುತ್ತಿದೆಯೆಂದರೆ ತಪ್ಪು ಮೌಲ್ಯವನ್ನು ಅವಲಂಬಿಸಿದೆ. ಜೊತೆಗೆ, ಬಂದದ್ದು ಖಾಲಿ ಜಾಗವಲ್ಲ, ಸೊನ್ನೆ. ಅಂದರೆ ಯಾರೋ ಅಲ್ಲಿ ಸೊನ್ನೆಯನ್ನು ಬರೆದಿದ್ದಾರೆ. ಕಾರಣವನ್ನು ಟೈಪ್ ಕುರಿತ ಭಾಗದಲ್ಲಿ ವಿವರಿಸುತ್ತೇನೆ.

ಕೇಳಬೇಕಾದದ್ದು ಇಷ್ಟು: ಮೌಲ್ಯ ಖಾಲಿಯಾಗಿದೆಯೋ, ಸೊನ್ನೆಯಾಗಿದೆಯೋ, ಹಳೆಯದೇ ಉಳಿದಿದೆಯೋ, ಅಥವಾ ಮುಟ್ಟದೇ ಇದ್ದ ಇನ್ನೊಂದು ದಾಖಲೆಯೂ ಬದಲಾಗಿದೆಯೋ. ಎಲ್ಲ ದಾಖಲೆಗಳಲ್ಲೂ ಹೀಗೆಯೋ, ಕೆಲವಲ್ಲಿ ಮಾತ್ರವೋ. ಇಂದಿನಿಂದಲೋ, ಮೊದಲಿನಿಂದಲೂ ಇತ್ತೋ. ಕೊನೆಯ ಪ್ರಶ್ನೆಗೆ ಉತ್ತರ ಇಂದಿನಿಂದ ಎಂದಾದರೆ, ಲೈಬ್ರರಿಯ ಆವೃತ್ತಿ ಇತ್ತೀಚೆಗೆ ಬದಲಾಗಿದೆಯೇ ಎಂದು ಮೊದಲು ನೋಡಬೇಕು.

ಇದಾದ ಮೇಲೆ ದೋಷವಿರುವ ಒಂದೇ ಒಂದು ದಾಖಲೆಯನ್ನು ಹಿಡಿದು, ನಕಲು ಮಾಡುವ ಸಾಲಿನ ಹಿಂದೊಂದು ಮತ್ತು ಮುಂದೊಂದು ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಂತು ಕಾಯುವ ಗುರುತು) ಇಟ್ಟು ಎರಡೂ ಆಬ್ಜೆಕ್ಟುಗಳನ್ನು ಡೀಬಗರಿನಲ್ಲಿ ನೋಡಬೇಕು. ಹಿಂದಿನ ಬ್ರೇಕ್‌ಪಾಯಿಂಟಿನಲ್ಲೇ ಮೂಲ ಆಬ್ಜೆಕ್ಟು ಖಾಲಿಯಿದ್ದರೆ ನಕಲು ಲೈಬ್ರರಿ ನಿರ್ದೋಷಿ, ತಪ್ಪು ಫಾರ್ಮಿನಲ್ಲೋ ಜೇಸನ್ ಎಂಬ ಡೇಟಾ ರೂಪವನ್ನು ಓದುವ ಕಡೆಯಲ್ಲೋ ಇರುತ್ತದೆ. ಇದು ಬಾಲಪಾಠದಂತೆ ಕಂಡರೂ ಹೊಸಬರು ಇದನ್ನು ಬಿಟ್ಟು ನೇರವಾಗಿ ಲೈಬ್ರರಿಯ ಒಳಗೆ ಇಳಿದು ಅರ್ಧ ದಿನ ಕಳೆಯುವುದನ್ನು ನೋಡುತ್ತಲೇ ಇರುತ್ತೇನೆ.

ಯಾವ ಬೀನ್‌ಯುಟಿಲ್ಸ್?

ಮೇಲೆ ಹೇಳಿದ ಎರಡು ಲೈಬ್ರರಿಗಳಲ್ಲೂ ಕ್ಲಾಸಿನ ಹೆಸರು ಬೀನ್‌ಯುಟಿಲ್ಸ್, ಮೆಥಡ್ಡಿನ ಹೆಸರು ಕಾಪಿಪ್ರಾಪರ್ಟೀಸ್. ವ್ಯತ್ಯಾಸವಿರುವುದು ಪ್ಯಾರಾಮೀಟರುಗಳ ಕ್ರಮದಲ್ಲಿ. ಸ್ಪ್ರಿಂಗ್‌ನಲ್ಲಿ ಮೂಲ ಮೊದಲು, ಗುರಿ ನಂತರ; ಅಪಾಚೆ ಕಾಮನ್ಸ್‌ನಲ್ಲಿ ಗುರಿ ಮೊದಲು, ಮೂಲ ನಂತರ. ಹಳೆಯ ಮಾಡ್ಯೂಲುಗಳಲ್ಲಿ ಕಾಮನ್ಸ್ ಇದ್ದು ಹೊಸದರಲ್ಲಿ ಸ್ಪ್ರಿಂಗ್ ಇರುವ ಪ್ರಾಜೆಕ್ಟಿನಲ್ಲಿ ಐಡಿಇ (ಕೋಡ್ ಬರೆಯುವ ತಂತ್ರಾಂಶ) ತಾನಾಗಿ ಸೇರಿಸುವ ಇಂಪೋರ್ಟ್ ಸಾಲು ಯಾವುದೆಂದು ಯಾರೂ ನೋಡುವುದಿಲ್ಲ, ಮತ್ತು ಪ್ಯಾರಾಮೀಟರುಗಳು ಯಾವ ಕ್ರಮದಲ್ಲಿದ್ದರೂ ಕೋಡ್ ಕಂಪೈಲ್ ಆಗುತ್ತದೆ.

ಕ್ರಮ ತಿರುಗಿದ್ದರ ಲಕ್ಷಣ ಬಹಳ ಖಚಿತವಾದದ್ದು. ಗುರಿ ಆಬ್ಜೆಕ್ಟು ಪೂರ್ತಿ ಖಾಲಿಯಾಗಿ ಉಳಿಯುತ್ತದೆ, ಅಷ್ಟೇ ಅಲ್ಲ, ಹೊಸದಾಗಿ ಸೃಷ್ಟಿಸಿದ ಆ ಖಾಲಿ ಆಬ್ಜೆಕ್ಟಿನ ನಲ್ (ಏನೂ ಇಲ್ಲ ಎನ್ನುವ) ಮೌಲ್ಯಗಳು, ತುಂಬಿದ್ದ ಮೂಲದ ಮೇಲೆ ಹೋಗಿ ಕೂರುತ್ತವೆ. ಎರಡನೆಯ ಬ್ರೇಕ್‌ಪಾಯಿಂಟಿನಲ್ಲಿ ಎರಡೂ ಖಾಲಿ ಕಂಡರೆ ಬೇರೇನೂ ಹುಡುಕದೆ ಇಂಪೋರ್ಟ್ ಸಾಲಿಗೆ ಹೋಗಬೇಕು. ಮೂಲವು ಹೈಬರ್ನೇಟ್ ಎಂಬ ಡೇಟಾಬೇಸ್ ಲೈಬ್ರರಿ ನಿರ್ವಹಿಸುತ್ತಿರುವ ಎಂಟಿಟಿ (ಡೇಟಾಬೇಸಿನ ಒಂದು ಸಾಲನ್ನು ಪ್ರತಿನಿಧಿಸುವ ಆಬ್ಜೆಕ್ಟು) ಆಗಿದ್ದು ಟ್ರಾನ್ಸಾಕ್ಷನ್ ತೆರೆದಿದ್ದರೆ ಈ ಖಾಲಿತನ ಸೇವ್ ಮೆಥಡನ್ನು ಕರೆಯದಿದ್ದರೂ ಡೇಟಾಬೇಸಿಗೆ ಇಳಿಯಬಲ್ಲದು. ಈ ಕೈಪಿಡಿಯಲ್ಲಿರುವ ದೋಷಗಳಲ್ಲೆಲ್ಲ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ನನ್ನ ಅಭಿಪ್ರಾಯ.

ಕೋಡನ್ನು ಓದುವಾಗಲೇ ಗುರುತಿಸಲು ಒಂದು ಸುಳಿವಿದೆ. ಕಾಮನ್ಸ್‌ನ ಮೆಥಡ್ ಇಲ್ಲೀಗಲ್‌ಆಕ್ಸೆಸ್ ಮತ್ತು ಇನ್ವೊಕೇಷನ್‌ಟಾರ್ಗೆಟ್ ಎಂಬ ಎರಡು ಚೆಕ್ಡ್ ಎಕ್ಸೆಪ್ಷನ್‌ಗಳನ್ನು (ನಿಭಾಯಿಸಲೇಬೇಕೆಂದು ಕಂಪೈಲರ್ ಹಟ ಹಿಡಿಯುವ ದೋಷಗಳನ್ನು) ಘೋಷಿಸುತ್ತದೆ, ಸ್ಪ್ರಿಂಗ್‌ನದ್ದು ಘೋಷಿಸುವುದಿಲ್ಲ. ಆದ್ದರಿಂದ ನಕಲು ಸಾಲಿನ ಸುತ್ತ ಟ್ರೈ ಮತ್ತು ಕ್ಯಾಚ್ ಇದ್ದರೆ ಅದು ಕಾಮನ್ಸ್ ಇರಬಹುದೆಂದು ಎಚ್ಚರವಹಿಸಬೇಕು. ಆ ಕ್ಯಾಚ್ ಒಳಗೆ ಏನೂ ಬರೆಯದೆ ಖಾಲಿ ಬಿಟ್ಟಿದ್ದರೆ ಲೈಬ್ರರಿ ಕೂಗಿ ಹೇಳಿದ ಒಂದೆರಡು ದೋಷಗಳನ್ನೂ ನಾವೇ ಬಾಯಿ ಮುಚ್ಚಿಸಿದಂತಾಗುತ್ತದೆ. ಪರಿಹಾರವಾಗಿ ಪ್ರಾಜೆಕ್ಟಿನಲ್ಲಿ ಒಂದೇ ಲೈಬ್ರರಿಯನ್ನು ಉಳಿಸಿಕೊಂಡು, ಇನ್ನೊಂದರ ಇಂಪೋರ್ಟನ್ನು, ಕೋಡನ್ನು ಪರಿಶೀಲಿಸುವ ಚೆಕ್‌ಸ್ಟೈಲ್‌ನ ನಿಯಮದಿಂದ ನಿಷೇಧಿಸಿದರೆ ಮುಂದೆ ಬಿಲ್ಡ್ ಹಂತದಲ್ಲೇ ತಪ್ಪು ಸಿಕ್ಕಿಬೀಳುತ್ತದೆ.

ಹೆಸರು ಹೊಂದದಿರುವುದು

ಒಂದೇ ಒಂದು ಗುಣ ಎಲ್ಲ ದಾಖಲೆಗಳಲ್ಲೂ ಖಾಲಿಯಾಗಿ ಬರುತ್ತಿದ್ದು ಉಳಿದೆಲ್ಲವೂ ಸರಿಯಿದ್ದರೆ ಹೆಸರು ಹೊಂದುತ್ತಿಲ್ಲವೆಂದು ತಿಳಿಯಬೇಕು. ಒಂದು ಕ್ಲಾಸಿನಲ್ಲಿ ಹಮಾಲಿ, ಇನ್ನೊಂದರಲ್ಲಿ ಹಮಾಲಿಮೊತ್ತ ಎಂದು ಬರೆದಿರುವಂಥ ಸರಳ ವ್ಯತ್ಯಾಸ ಕಣ್ಣಿಗೆ ಬೇಗ ಬೀಳುತ್ತದೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಲೆ ತಿನ್ನುವುದು ಫೀಲ್ಡಿನ ಹೆಸರು ಎರಡೂ ಕಡೆ ಅಕ್ಷರಶಃ ಒಂದೇ ಇದ್ದು ಗುಣದ ಹೆಸರು ಬೇರೆಯಾಗುವ ಸಂದರ್ಭ.

ಇ-ಟೆಂಡರ್ ಸಂಖ್ಯೆಯ ಫೀಲ್ಡನ್ನು ತೆಗೆದುಕೊಳ್ಳಿ. ಇಂಗ್ಲಿಷ್ ಲಿಪಿಯಲ್ಲಿ ಅದರ ಮೊದಲಕ್ಷರ ಸಣ್ಣದು, ಎರಡನೆಯ ಅಕ್ಷರ ದೊಡ್ಡದು. ಗೆಟರ್ ಸೆಟರುಗಳನ್ನು ತಾನೇ ಬರೆದುಕೊಡುವ ಲಾಂಬಾಕ್ ಎಂಬ ಸಲಕರಣೆ ತನ್ನ ಪೂರ್ವನಿಯೋಜಿತ ರೀತಿಯಲ್ಲಿ ಇದಕ್ಕೆ ಗೆಟರ್ ಬರೆಯುವಾಗ ಮೊದಲಕ್ಷರವನ್ನು ದೊಡ್ಡದು ಮಾಡಿ ಗೆಟ್ ಪದದ ಮುಂದೆ ಜೋಡಿಸುತ್ತದೆ, ಆಗ ಗೆಟ್ ನಂತರ ಎರಡು ದೊಡ್ಡಕ್ಷರಗಳು ಒಟ್ಟಿಗೆ ಬರುತ್ತವೆ. ಜಾವಾಬೀನ್ಸ್ ನಿಯಮದ ಪ್ರಕಾರ ಗೆಟ್ ತೆಗೆದ ಮೇಲೆ ಮೊದಲೆರಡೂ ಅಕ್ಷರಗಳು ದೊಡ್ಡವಾಗಿದ್ದರೆ ಹೆಸರನ್ನು ಹಾಗೆಯೇ ಇಡಬೇಕು, ಸಣ್ಣದು ಮಾಡಬಾರದು. ಯುಆರ್‌ಎಲ್‌ನಂಥ ಸಂಕ್ಷಿಪ್ತ ಪದಗಳಿಗಾಗಿ ಮಾಡಿದ ನಿಯಮ ಅದು. ಹೀಗಾಗಿ ಲಾಂಬಾಕ್ ಬಳಸಿದ ಕ್ಲಾಸಿನಲ್ಲಿ ಗುಣದ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ. ಎಕ್ಲಿಪ್ಸ್‌ನಲ್ಲಿ ಗೆಟರ್ ಬರೆಸಿದ ಇನ್ನೊಂದು ಕ್ಲಾಸಿನಲ್ಲಿ ಐಡಿಇ ಆ ಮೊದಲಕ್ಷರವನ್ನು ಸಣ್ಣದಾಗಿಯೇ ಬಿಡುವುದರಿಂದ ಗುಣದ ಹೆಸರು ಸಣ್ಣಕ್ಷರದಿಂದ ಶುರುವಾಗುತ್ತದೆ. ಎರಡೂ ಕ್ಲಾಸುಗಳಲ್ಲಿ ಫೀಲ್ಡ್ ಒಂದೇ ಎಂದು ಕಣ್ಣು ಹೇಳುತ್ತದೆ, ಲೈಬ್ರರಿಗೆ ಮಾತ್ರ ಅವು ಎರಡು ಬೇರೆ ಬೇರೆ ಗುಣಗಳು, ಟೆಂಡರ್ ಸಂಖ್ಯೆ ಬಿಲ್ಲಿನಿಂದ ಕಾಣೆಯಾಗುತ್ತದೆ. ಲಾಂಬಾಕ್‌ನ ಕಾನ್ಫಿಗ್ ಫೈಲಿನಲ್ಲಿ ದೊಡ್ಡಕ್ಷರದ ನಿಯಮವನ್ನು ಬೀನ್‌ಸ್ಪೆಕ್ ಎಂದು ಬದಲಾಯಿಸಲು ಸಾಧ್ಯವಿದೆ, ಆದರೆ ಅದು ಇಡೀ ಪ್ರಾಜೆಕ್ಟಿನ ಗೆಟರ್ ಹೆಸರುಗಳನ್ನು ಬದಲಿಸಬಹುದಾದ್ದರಿಂದ ಹೊಸ ಪ್ರಾಜೆಕ್ಟಿಗೆ ಅದನ್ನು ಸೂಚಿಸುತ್ತೇನೆ, ಹಳೆಯದಕ್ಕೆ ಫೀಲ್ಡಿನ ಹೆಸರನ್ನೇ ಬದಲಿಸುವುದು ಸುರಕ್ಷಿತ.

ಹೌದು ಅಥವಾ ಅಲ್ಲ ಎನ್ನುವ ಫೀಲ್ಡುಗಳು ಇದೇ ಜಾತಿಯವು. ಇಸ್‌ಪೇಯ್ಡ್ ಎಂಬ ಫೀಲ್ಡನ್ನು ಒಂದು ಕ್ಲಾಸಿನಲ್ಲಿ ಪ್ರಿಮಿಟಿವ್ (ಆಬ್ಜೆಕ್ಟ್ ಅಲ್ಲದ ಮೂಲ ಟೈಪಿನ) ಬೂಲಿಯನ್ ಎಂದೂ ಇನ್ನೊಂದರಲ್ಲಿ ದೊಡ್ಡಕ್ಷರದ ಬೂಲಿಯನ್, ಅಂದರೆ ರ‍್ಯಾಪರ್ ಕ್ಲಾಸ್ ಎಂದೂ ಘೋಷಿಸಿದ್ದೀರಿ ಎಂದುಕೊಳ್ಳಿ. ಲಾಂಬಾಕ್ ಪ್ರಿಮಿಟಿವ್‌ಗೆ ಇಸ್ ಎಂಬುದನ್ನು ಉಪಸರ್ಗವೆಂದು ಭಾವಿಸಿ ಸೆಟ್‌ಪೇಯ್ಡ್ ಎಂಬ ಸೆಟರ್ ಬರೆಯುತ್ತದೆ, ಗುಣದ ಹೆಸರು ಪೇಯ್ಡ್ ಆಗುತ್ತದೆ. ರ‍್ಯಾಪರ್‌ಗೆ ಗೆಟ್‌ಇಸ್‌ಪೇಯ್ಡ್ ಮತ್ತು ಸೆಟ್‌ಇಸ್‌ಪೇಯ್ಡ್ ಬರೆಯುತ್ತದೆ, ಗುಣದ ಹೆಸರು ಇಸ್‌ಪೇಯ್ಡ್ ಆಗುತ್ತದೆ. ಹಣ ಬಂದ ಬಿಲ್ಲೂ ಬಾಕಿ ಎಂದೇ ತೋರುತ್ತದೆ. ಫೀಲ್ಡಿನ ಹೆಸರಿನಲ್ಲಿ ಇಸ್ ಸೇರಿಸದಿರುವ ಶಿಸ್ತು ಒಂದರಿಂದಲೇ ಈ ತೊಂದರೆ ತಪ್ಪುತ್ತದೆ.

ಇನ್ನು ಸೆಟರ್ ಇದ್ದೂ ಲೈಬ್ರರಿಗೆ ಕಾಣದಿರುವುದುಂಟು. ಒಂದರ ಹಿಂದೊಂದು ಸೆಟರ್ ಕರೆಯಲು ಅನುಕೂಲವಾಗಲೆಂದು ಸೆಟರ್ ತನ್ನದೇ ಆಬ್ಜೆಕ್ಟನ್ನು ಹಿಂತಿರುಗಿಸುವಂತೆ ಬರೆದಿದ್ದರೆ, ಕ್ಲಾಸಿನ ಗುಣಗಳನ್ನು ಪಟ್ಟಿ ಮಾಡುವ ಜಾವಾದ ಇಂಟ್ರೊಸ್ಪೆಕ್ಟರ್ ಅದನ್ನು ಸೆಟರ್ ಎಂದು ಒಪ್ಪುವುದಿಲ್ಲ, ಏಕೆಂದರೆ ಸೆಟರ್ ಏನನ್ನೂ ಹಿಂತಿರುಗಿಸಬಾರದು ಎಂಬುದು ಅದರ ನಿಯಮ. ಕಾಮನ್ಸ್ ಇಂಟ್ರೊಸ್ಪೆಕ್ಟರನ್ನೇ ನಂಬಿಕೊಂಡಿರುವುದರಿಂದ ಅಂಥ ಗುಣಗಳನ್ನೆಲ್ಲ ಬಿಟ್ಟುಬಿಡುತ್ತದೆ, ಸ್ಪ್ರಿಂಗ್ ಅವನ್ನು ಗುರುತಿಸುತ್ತದೆ. ಜಾವಾ 16ರಲ್ಲಿ ಅಧಿಕೃತವಾಗಿ ಬಂದ ರೆಕಾರ್ಡುಗಳಿಗಂತೂ ಸೆಟರ್ ಇಲ್ಲವೇ ಇಲ್ಲ, ಗೆಟರಿನ ಹೆಸರಿನಲ್ಲಿ ಗೆಟ್ ಕೂಡ ಇರುವುದಿಲ್ಲ; ರೆಕಾರ್ಡನ್ನು ಗುರಿಯಾಗಿಟ್ಟು ಈ ಲೈಬ್ರರಿಗಳನ್ನು ಬಳಸುವ ಆಲೋಚನೆಯನ್ನೇ ಬಿಡಬೇಕು, ಕನ್‌ಸ್ಟ್ರಕ್ಟರ್ ಕರೆಯುವುದೇ ಸರಿ.

ಇವನ್ನೆಲ್ಲ ಕಣ್ಣಿನಿಂದ ಹುಡುಕುವುದು ವ್ಯರ್ಥ. ಎರಡು ಕ್ಲಾಸುಗಳನ್ನು ಕೊಟ್ಟರೆ ಹೊಂದದ ಹೆಸರುಗಳನ್ನು ಮುದ್ರಿಸುವ ಒಂದು ಸಣ್ಣ ಮೆಥಡ್ಡನ್ನು ಟೆಸ್ಟ್ ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ಳಬೇಕು. ಅದು ಗುರಿ ಕ್ಲಾಸಿನ ಪ್ರಾಪರ್ಟಿಡಿಸ್ಕ್ರಿಪ್ಟರುಗಳನ್ನು (ಒಂದೊಂದು ಗುಣದ ಹೆಸರು, ಗೆಟರ್, ಸೆಟರ್ ಹೇಳುವ ಆಬ್ಜೆಕ್ಟುಗಳನ್ನು) ಒಂದೊಂದಾಗಿ ತೆಗೆದುಕೊಂಡು, ಬರೆಯುವ ಮೆಥಡ್ ಇರುವ ಪ್ರತಿ ಗುಣಕ್ಕೂ ಮೂಲ ಕ್ಲಾಸಿನಲ್ಲಿ ಅದೇ ಹೆಸರಿನ ಓದುವ ಮೆಥಡ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹೆಸರನ್ನು ಮುದ್ರಿಸಲಿ. ಇದ್ದರೆ ಎರಡರ ಟೈಪುಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಲಿ. ಡಿಸ್ಕ್ರಿಪ್ಟರುಗಳನ್ನು ಯಾವ ಲೈಬ್ರರಿಯ ದೋಷ ಹುಡುಕುತ್ತಿದ್ದೀರೋ ಅದರಿಂದಲೇ ಪಡೆಯಬೇಕು, ಇಲ್ಲವಾದರೆ ಮೇಲೆ ಹೇಳಿದ ಸೆಟರ್ ವ್ಯತ್ಯಾಸದಿಂದಾಗಿ ಪರೀಕ್ಷೆ ಒಂದು ಹೇಳಿ ವಾಸ್ತವ ಇನ್ನೊಂದಾಗುತ್ತದೆ.

ಟೈಪ್ ಹೊಂದದಿರುವುದು

ಹೆಸರು ಹೊಂದಿದ ಮೇಲೆ ಎರಡು ಲೈಬ್ರರಿಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಸ್ಪ್ರಿಂಗ್ ಟೈಪನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ. ಮೂಲದ ಟೈಪನ್ನು ಗುರಿಗೆ ನೇರವಾಗಿ ಕೊಡಲು ಬಂದರೆ ಕೊಡುತ್ತದೆ, ಬಾರದಿದ್ದರೆ ಆ ಗುಣವನ್ನು ಸದ್ದಿಲ್ಲದೆ ಬಿಡುತ್ತದೆ. ಇಂಟ್ ಮತ್ತು ಇಂಟಿಜರ್ ನಡುವೆ ದಾಟಿಸುತ್ತದೆ, ಲಾಂಗ್‌ನಿಂದ ಇಂಟಿಜರ್‌ಗೆ ದಾಟಿಸುವುದಿಲ್ಲ. ಸ್ಟ್ರಿಂಗ್‌ನಲ್ಲಿರುವ ದಿನಾಂಕವನ್ನು ಲೋಕಲ್‌ಡೇಟ್‌ಗೆ ತಿರುಗಿಸುವುದಿಲ್ಲ. ಲಕ್ಷಣ ಹೆಸರು ಹೊಂದದಾಗ ಬರುವಂಥದ್ದೇ, ಅಂದರೆ ಎಲ್ಲ ದಾಖಲೆಗಳಲ್ಲೂ ಆ ಗುಣ ಖಾಲಿ.

ಸ್ಪ್ರಿಂಗ್ 5.3ರಲ್ಲಿ ಈ ಪರಿಶೀಲನೆ ಇನ್ನೊಂದು ಹೆಜ್ಜೆ ಬಿಗಿಯಾಯಿತು. ಅದಕ್ಕೂ ಮೊದಲು ಲಿಸ್ಟ್ ಎಂದರೆ ಲಿಸ್ಟ್, ಒಳಗೆ ಏನಿದೆಯೆಂದು ಲೈಬ್ರರಿ ನೋಡುತ್ತಿರಲಿಲ್ಲ. ಲಾಟ್ ಎಂಟಿಟಿಗಳ ಲಿಸ್ಟು ಲಾಟ್ ಡಿಟಿಒಗಳ (ಪರದೆಗೂ ಪ್ರೋಗ್ರಾಂಗೂ ನಡುವೆ ಮೌಲ್ಯ ಸಾಗಿಸುವ ಆಬ್ಜೆಕ್ಟುಗಳ) ಲಿಸ್ಟ್ ಎಂದು ಘೋಷಿಸಿದ ಗುಣದೊಳಗೆ ಹೋಗಿ ಕೂರುತ್ತಿತ್ತು, ಮತ್ತು ಅದನ್ನು ಯಾರಾದರೂ ತೆರೆದು ಒಂದೊಂದಾಗಿ ಓದಿದಾಗ ಎಲ್ಲೋ ದೂರದಲ್ಲಿ ಕ್ಲಾಸ್‌ಕಾಸ್ಟ್ ಎಕ್ಸೆಪ್ಷನ್ ಹುಟ್ಟುತ್ತಿತ್ತು. 5.3ರಿಂದ ಜೆನೆರಿಕ್ ಟೈಪನ್ನೂ ಹೋಲಿಸುವುದರಿಂದ ಅಂಥ ಲಿಸ್ಟು ನಕಲಾಗುವುದೇ ಇಲ್ಲ. ನಡೆ ಸರಿಯಾದದ್ದೇ. ಆದರೆ ಲಿಸ್ಟನ್ನು ಜೇಸನ್ ಮಾಡಿ ಕಳಿಸುವುದಷ್ಟೇ ಕೆಲಸವಾಗಿದ್ದ ಕಡೆಗಳಲ್ಲಿ ಹಳೆಯ ತಪ್ಪು ಯಾರ ಗಮನಕ್ಕೂ ಬಾರದೆ ನಡೆದುಕೊಂಡು ಹೋಗಿರುತ್ತದೆ, ಮತ್ತು ಸ್ಪ್ರಿಂಗ್ ಬೂಟ್ 2.3ರಿಂದ, ಸ್ಪ್ರಿಂಗ್ 5.3 ಒಳಗೊಂಡ 2.4ಕ್ಕೆ ಏರಿದ ದಿನ ಬಿಲ್ಲಿನಲ್ಲಿ ಲಾಟುಗಳೇ ಇಲ್ಲವಾಗುತ್ತವೆ. ಕೋಡಿನಲ್ಲಿ ಒಂದು ಸಾಲೂ ಬದಲಾಗಿಲ್ಲ ಎಂದು ತಂಡದವರು ಪ್ರಮಾಣ ಮಾಡಿ ಹೇಳುತ್ತಾರೆ, ಅದು ನಿಜವೂ ಹೌದು. ಪರಿಹಾರವೆಂದರೆ ಒಳಗಿನ ಪ್ರತಿಯೊಂದು ಲಾಟನ್ನೂ ಡಿಟಿಒಗೆ ತಿರುಗಿಸಿ ಲಿಸ್ಟನ್ನು ಕೈಯಿಂದ ಕಟ್ಟುವುದು.

ಕಾಮನ್ಸ್ ಇದಕ್ಕೆ ತದ್ವಿರುದ್ಧ. ಟೈಪ್ ಬೇರೆಯಾಗಿದ್ದರೆ ತನ್ನ ಕನ್ವರ್ಟರುಗಳಿಂದ ಬದಲಿಸಲು ಯತ್ನಿಸುತ್ತದೆ, ಮತ್ತು ಗುಮಾಸ್ತರ ದೂರಿನ ಮೂಲ ಇಲ್ಲಿಯೇ ಇತ್ತು. ಫಾರ್ಮಿನ ಕ್ಲಾಸಿನಲ್ಲಿ ಹಮಾಲಿ ಒಂದು ಸ್ಟ್ರಿಂಗ್, ಬಿಲ್ಲಿನ ಕ್ಲಾಸಿನಲ್ಲಿ ಇಂಟಿಜರ್. ಪರದೆಯ ಮೇಲೆ ಮೊತ್ತವನ್ನು ಚೆಂದಗಾಣಿಸಲು ಅಲ್ಪವಿರಾಮ ಸೇರಿಸುತ್ತಿದ್ದುದರಿಂದ 840 ಎಂಬುದು 840 ಆಗಿಯೇ ಬರುತ್ತಿತ್ತು, ಸಾವಿರ ದಾಟಿದ್ದು 1,240 ಎಂದು ಬರುತ್ತಿತ್ತು. ಅಲ್ಪವಿರಾಮವಿರುವ ಅಕ್ಷರಗಳನ್ನು ಇಂಟಿಜರ್ ಕನ್ವರ್ಟರ್ ಸಂಖ್ಯೆಯೆಂದು ಓದಲಾರದು. ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಆ ಕನ್ವರ್ಟರ್ ಓದಲಾಗದಿದ್ದಾಗ ಎಕ್ಸೆಪ್ಷನ್ ಎಸೆಯದೆ ಸೊನ್ನೆಯನ್ನು ಹಿಂತಿರುಗಿಸುತ್ತದೆ. ಹೆಚ್ಚು ಚೀಲ ಎತ್ತುವ ಖರೀದಿದಾರರ ಬಿಲ್ಲಿನಲ್ಲಷ್ಟೇ ಹಮಾಲಿ ಸಾವಿರ ದಾಟುವುದರಿಂದ ಅವರ ಬಿಲ್ಲುಗಳಲ್ಲಿ ಮಾತ್ರ ಅದು ಸೊನ್ನೆಯಾಗುತ್ತಿತ್ತು. 25.5 ಎಂಬಂಥ ದಶಮಾಂಶವನ್ನು ಸ್ಟ್ರಿಂಗ್ ಆಗಿ ಇಂಟಿಜರ್‌ಗೆ ಕೊಟ್ಟರೂ ಇದೇ ಗತಿ.

ಇದನ್ನು ಖಚಿತಪಡಿಸಿಕೊಳ್ಳಲು ಕಾಮನ್ಸ್‌ನ ಕನ್ವರ್ಟರ್ಸ್ ಪ್ಯಾಕೇಜಿನ ಲಾಗನ್ನು ಡೀಬಗ್ ಮಟ್ಟಕ್ಕೆ ಇಳಿಸಿ ಒಂದು ದೊಡ್ಡ ಬಿಲ್ಲನ್ನು ಮತ್ತೆ ಓಡಿಸಿದರೆ ಸಾಕು. ಬದಲಾವಣೆ ವಿಫಲವಾಗಿ ಪೂರ್ವನಿಯೋಜಿತ ಮೌಲ್ಯ ಬಳಸಲಾಯಿತು ಎಂಬ ಸಾಲು ಅಲ್ಲಿ ಕಾಣುತ್ತದೆ. ಶಾಶ್ವತ ಪರಿಹಾರವಾಗಿ ಕನ್ವರ್ಟ್‌ಯುಟಿಲ್ಸ್‌ಬೀನ್‌ನ ರಿಜಿಸ್ಟರ್ ಮೆಥಡ್ಡಿಗೆ ಮೊದಲ ಪ್ಯಾರಾಮೀಟರನ್ನು ಟ್ರೂ ಎಂದು ಕೊಟ್ಟರೆ, ಓದಲಾಗದ ಮೌಲ್ಯ ಬಂದಾಗ ಕನ್ವರ್ಷನ್ ಎಕ್ಸೆಪ್ಷನ್ ಬರುತ್ತದೆ. ಈ ವ್ಯವಸ್ಥೆ ಇಡೀ ಅಪ್ಲಿಕೇಷನ್ನಿಗೆ ಅನ್ವಯಿಸುವುದರಿಂದ ಇಷ್ಟು ದಿನ ಸೊನ್ನೆಯಾಗಿ ಮುಚ್ಚಿಹೋಗುತ್ತಿದ್ದ ಬೇರೆ ತಪ್ಪುಗಳೂ ಒಮ್ಮೆಲೇ ಎದ್ದು ಬರುತ್ತವೆ. ಸೋಮವಾರ ಬೆಳಿಗ್ಗೆ ಇದನ್ನು ಬಿಡುಗಡೆ ಮಾಡಬೇಡಿ.

ಕಾಮನ್ಸ್‌ನ 1.8 ಸಾಲಿನ ಆವೃತ್ತಿಗಳು ಇನ್ನೂ ಎಲ್ಲಾದರೂ ಉಳಿದಿದ್ದರೆ ಅಲ್ಲಿ ನಲ್ ಕೂಡ ಕನ್ವರ್ಟರಿನ ಮೂಲಕ ಹಾದು ಹೋಗುತ್ತದೆಂಬುದನ್ನು ನೆನಪಿಡಬೇಕು. ಇಂಟಿಜರ್‌ನ ನಲ್ ಸೊನ್ನೆಯಾಗುತ್ತದೆ, ಡೇಟ್‌ನ ನಲ್ ಎಕ್ಸೆಪ್ಷನ್ ಎಸೆಯುತ್ತದೆ. ಹಣ ಪಾವತಿಯಾಗದ ಬಿಲ್ಲಿನ ಪಾವತಿ ದಿನಾಂಕ ಖಾಲಿಯಿರುವುದು ಸಹಜವಾದ್ದರಿಂದ ಈ ಎಕ್ಸೆಪ್ಷನ್ ಬಾಕಿ ಬಿಲ್ಲುಗಳಲ್ಲಿ ಮಾತ್ರ ಬರುತ್ತದೆ.

ನಲ್ ಮೌಲ್ಯಗಳು ಇದ್ದುದನ್ನು ಅಳಿಸುವುದು

ತಿದ್ದುಪಡಿಯ ಪರದೆಯಲ್ಲಿ ರೈತರ ಫೋನ್ ಸಂಖ್ಯೆಯನ್ನಷ್ಟೇ ಬದಲಿಸಿ ಉಳಿಸಿದಾಗ ಬ್ಯಾಂಕ್ ಖಾತೆಯ ವಿವರ ಅಳಿಸಿಹೋದರೆ ಅದು ಲೈಬ್ರರಿಯ ದೋಷವಲ್ಲ. ಬ್ರೌಸರ್ ಬದಲಾದ ಗುಣವನ್ನು ಮಾತ್ರ ಕಳಿಸಿದೆ, ಉಳಿದವು ಡಿಟಿಒದಲ್ಲಿ ನಲ್ ಆಗಿವೆ, ಲೈಬ್ರರಿ ನಲ್ ಅನ್ನೂ ಒಂದು ಮೌಲ್ಯವೆಂದೇ ಭಾವಿಸಿ ನಿಷ್ಠೆಯಿಂದ ನಕಲಿಸಿದೆ. ಸ್ಪ್ರಿಂಗ್‌ನ ಮೆಥಡ್ಡಿಗೆ ನಕಲಿಸಬಾರದ ಗುಣಗಳ ಹೆಸರುಗಳನ್ನು ಕೊನೆಯಲ್ಲಿ ಕೊಡುವ ಸೌಲಭ್ಯವಿದೆ. ಬೀನ್‌ರ‍್ಯಾಪರ್ ಬಳಸಿ ಮೂಲದಲ್ಲಿ ನಲ್ ಇರುವ ಗುಣಗಳ ಹೆಸರುಗಳನ್ನು ಸಂಗ್ರಹಿಸಿ ಅಲ್ಲಿಗೆ ಕೊಡುವುದು ಎಲ್ಲರೂ ಬಳಸುವ ಉಪಾಯ. ಆದರೆ ಆಮೇಲೆ ಯಾರಾದರೂ ಖಾತೆ ಸಂಖ್ಯೆಯನ್ನು ಬೇಕೆಂದೇ ಅಳಿಸಲು ಹೋದರೆ ಅಳಿಯುವುದಿಲ್ಲ. ಜೊತೆಗೆ ಪ್ರಿಮಿಟಿವ್ ಫೀಲ್ಡುಗಳಿಗೆ ನಲ್ ಎಂಬುದೇ ಇಲ್ಲದ ಕಾರಣ ಬಾರದ ಚೀಲಸಂಖ್ಯೆ ಸೊನ್ನೆಯಾಗಿ ಬಂದು ಇದ್ದ ಸಂಖ್ಯೆಯ ಮೇಲೆ ಕೂರುತ್ತದೆ, ಈ ಉಪಾಯ ಅದನ್ನು ತಡೆಯುವುದಿಲ್ಲ. ಡಿಟಿಒಗಳಲ್ಲಿ ಪ್ರಿಮಿಟಿವ್ ಇಡಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಎದುರು ದಿಕ್ಕಿನಲ್ಲಿ, ಮೂಲದ ಇಂಟಿಜರ್ ನಲ್ ಇದ್ದು ಗುರಿ ಪ್ರಿಮಿಟಿವ್ ಇಂಟ್ ಆಗಿದ್ದರೆ ಸ್ಪ್ರಿಂಗ್ ಅಪರೂಪಕ್ಕೆ ಬಾಯಿ ಬಿಡುತ್ತದೆ: ಇಂಥ ಗುಣವನ್ನು ನಕಲಿಸಲಾಗಲಿಲ್ಲವೆಂದು ಗುಣದ ಹೆಸರನ್ನೇ ಹೇಳುವ ಫೇಟಲ್‌ಬೀನ್ ಎಕ್ಸೆಪ್ಷನ್ ಬರುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳುವ ದೋಷಕ್ಕೆ ಕೈಪಿಡಿ ಬೇಕಾಗಿಲ್ಲ.

ಒಂದನ್ನು ತಿದ್ದಿದರೆ ಎರಡೂ ಬದಲಾಗುವುದು

ಈ ಲೈಬ್ರರಿಗಳು ಮಾಡುವ ನಕಲು ಮೇಲುಮೇಲಿನದು. ಬಿಲ್ಲಿನೊಳಗೆ ಲಾಟುಗಳ ಲಿಸ್ಟ್ ಇದ್ದರೆ ಹೊಸ ಬಿಲ್ಲಿಗೆ ಹೊಸ ಲಿಸ್ಟ್ ಸಿಗುವುದಿಲ್ಲ, ಅದೇ ಲಿಸ್ಟಿನ ಇನ್ನೊಂದು ರೆಫರೆನ್ಸ್ ಸಿಗುತ್ತದೆ. ಪರಿಷ್ಕೃತ ಬಿಲ್ಲಿನಿಂದ ಒಂದು ಲಾಟನ್ನು ತೆಗೆದರೆ ಮೂಲ ಬಿಲ್ಲಿನಿಂದಲೂ ಹೋಗುತ್ತದೆ. ಹಳೆಯ ಜಾವಾ ಯುಟಿಲ್ ಡೇಟ್ ಕೂಡ ಬದಲಿಸಬಹುದಾದ ಆಬ್ಜೆಕ್ಟ್ ಆದ್ದರಿಂದ ಇದೇ ಅಪಾಯವಿದೆ, ಲೋಕಲ್‌ಡೇಟ್‌ಗೆ ಇಲ್ಲ. ಡೀಬಗರಿನಲ್ಲಿ ಎರಡೂ ಕಡೆಯ ಲಿಸ್ಟಿನ ಆಬ್ಜೆಕ್ಟ್ ಗುರುತು ಒಂದೇ ಇದ್ದರೆ, ಅಥವಾ ಎರಡು ಸಮ ಚಿಹ್ನೆಯ ಹೋಲಿಕೆ ಟ್ರೂ ಕೊಟ್ಟರೆ ರೋಗ ಇದೇ. ಹೊಸ ಅರೇಲಿಸ್ಟ್ ಕಟ್ಟಿದರೆ ತೆಗೆಯುವ ಮತ್ತು ಸೇರಿಸುವ ತೊಂದರೆ ಹೋಗುತ್ತದೆ, ಆದರೆ ಒಳಗಿನ ಲಾಟಿನ ತೂಕವನ್ನು ತಿದ್ದಿದರೆ ಅದು ಎರಡೂ ಕಡೆ ಬದಲಾಗುವುದು ಮುಂದುವರಿಯುತ್ತದೆ. ಲಾಟುಗಳನ್ನೂ ಒಂದೊಂದಾಗಿ ಹೊಸದಾಗಿ ಸೃಷ್ಟಿಸಲೇಬೇಕು.

ಗುರಿ ಹೈಬರ್ನೇಟ್ ಎಂಟಿಟಿಯಾಗಿದ್ದರೆ

ಡಿಟಿಒದಿಂದ ನಿರ್ವಹಣೆಯಲ್ಲಿರುವ ಎಂಟಿಟಿಗೆ ನೇರವಾಗಿ ನಕಲಿಸುವಾಗ ಐಡಿ ಕೂಡ ಜೊತೆಗೆ ಹೋಗುತ್ತದೆ. ಹೊಸ ಡಿಟಿಒದಲ್ಲಿ ಅದು ನಲ್ ಆಗಿದ್ದರೆ ಐಡೆಂಟಿಫೈಯರ್ ಬದಲಾಗಿದೆ ಎಂದು ಹೈಬರ್ನೇಟ್ ಫ್ಲಷ್ (ಬದಲಾವಣೆಗಳನ್ನು ಡೇಟಾಬೇಸಿಗೆ ಕಳಿಸುವ) ಸಮಯದಲ್ಲಿ ಆಕ್ಷೇಪಿಸುತ್ತದೆ, ಮತ್ತು ಸ್ಟ್ಯಾಕ್‌ಟ್ರೇಸ್‌ನಲ್ಲಿ ಕಾಣುವುದು ಟ್ರಾನ್ಸಾಕ್ಷನ್ ಮುಗಿಸುವ ಸಾಲೇ ಹೊರತು ನಕಲಿನ ಸಾಲಲ್ಲ. ಆರ್ಫನ್‌ರಿಮೂವಲ್ (ಲಿಸ್ಟಿನಿಂದ ತೆಗೆದದ್ದನ್ನು ಡೇಟಾಬೇಸಿನಿಂದಲೂ ಅಳಿಸುವ ವ್ಯವಸ್ಥೆ) ಇರುವ ಲಿಸ್ಟನ್ನು ನಕಲು ಹೊಸ ಲಿಸ್ಟಿನಿಂದ ಬದಲಿಸಿದರೆ, ಆ ಸಂಗ್ರಹವನ್ನು ಒಡೆಯ ಎಂಟಿಟಿ ಈಗ ಉಲ್ಲೇಖಿಸುತ್ತಿಲ್ಲ ಎಂಬ ಇನ್ನೊಂದು ಎಕ್ಸೆಪ್ಷನ್ ಬರುತ್ತದೆ. ಹಳೆಯ ಲಿಸ್ಟನ್ನು ಉಳಿಸಿಕೊಂಡು ಅದರೊಳಗಿನದನ್ನು ತೆರವು ಮಾಡಿ ಹೊಸದನ್ನು ಸೇರಿಸುವುದು ಅದಕ್ಕೆ ಮದ್ದು. ಎಂಟಿಟಿಯಿಂದ ಹೊರಗೆ ನಕಲಿಸುವಾಗ ಲೇಜಿ ಲಿಸ್ಟಿನ (ಕೇಳಿದಾಗ ಮಾತ್ರ ಡೇಟಾಬೇಸಿನಿಂದ ತುಂಬುವ ಲಿಸ್ಟಿನ) ರೆಫರೆನ್ಸ್ ಡಿಟಿಒದೊಳಗೆ ಹೋಗಿ, ಸೆಷನ್ ಮುಚ್ಚಿದ ಮೇಲೆ ಜೇಸನ್ ಮಾಡುವಾಗ ಲೇಜಿಇನಿಷಿಯಲೈಸೇಷನ್ ಎಕ್ಸೆಪ್ಷನ್ ಆಗಿ ಹೊರಬರುತ್ತದೆ. ಈ ಮೂರರಲ್ಲೂ ದೂರು ಹೈಬರ್ನೇಟ್ ಹೆಸರಿನಲ್ಲಿ ಬರುತ್ತದೆ, ಕಾರಣ ನಕಲಿನ ಸಾಲಿನಲ್ಲಿರುತ್ತದೆ.

ಎಂಟಿಟಿಯನ್ನು ಗುರಿಯಾಗಿಸುವ ನಕಲನ್ನು ನಾನು ಕೋಡ್ ಪರಿಶೀಲನೆಯಲ್ಲಿ ಒಪ್ಪುವುದಿಲ್ಲ. ದರ, ತೂಕ, ಹಮಾಲಿ, ದಲಾಲಿಯಂಥ ಹಣಕ್ಕೆ ಸಂಬಂಧಿಸಿದ ಗುಣಗಳನ್ನು ಒಂದೊಂದು ಸಾಲಿನಲ್ಲಿ ಕೈಯಿಂದ ಬರೆಯಿರಿ ಎನ್ನುತ್ತೇನೆ. ಇದು ಸುರಕ್ಷತೆಯ ವಿಷಯವೂ ಹೌದು: ಬ್ರೌಸರಿನಿಂದ ಬಂದ ಆಬ್ಜೆಕ್ಟಿನಲ್ಲಿ ಅನುಮೋದಿತ ಎಂಬ ಗುಣವನ್ನು ಯಾರಾದರೂ ಸೇರಿಸಿ ಕಳಿಸಿದರೆ, ಹೆಸರು ಹೊಂದಿದ ಕಾರಣಕ್ಕೆ ಅದೂ ಎಂಟಿಟಿಗೆ ದಾಟುತ್ತದೆ. ಕಾಮನ್ಸ್ ಬಳಸುವವರು ಆವೃತ್ತಿಯನ್ನೂ ನೋಡಿಕೊಳ್ಳಬೇಕು. ಕ್ಲಾಸ್ ಎಂಬ ಗುಣದ ಮೂಲಕ ಕ್ಲಾಸ್‌ಲೋಡರ್ ತಲುಪಬಹುದಾದ ದೌರ್ಬಲ್ಯ 2014ರಲ್ಲಿ ಬೆಳಕಿಗೆ ಬಂದಿತ್ತು, 1.9.2ರಲ್ಲಿ ಅದನ್ನು ತಡೆಯುವ ಸೌಲಭ್ಯ ಬಂದರೂ ಅದನ್ನು ನಾವೇ ಚಾಲೂ ಮಾಡಬೇಕಿತ್ತು, 1.9.4ರಿಂದಷ್ಟೇ ಅದು ತಾನಾಗಿ ಚಾಲೂ ಇರುತ್ತದೆ.

ನಕಲು ನಿಧಾನ ಎಂಬ ದೂರೂ ಆಗಾಗ ಕೇಳುತ್ತದೆ. ರಿಫ್ಲೆಕ್ಷನ್ ನೇರ ಕರೆಗಿಂತ ನಿಧಾನವೇ ಹೌದು, ಕಾಮನ್ಸ್ ಇನ್ನಷ್ಟು ನಿಧಾನ. ಆದರೂ ಸಮಯ ಎಲ್ಲಿ ಹೋಗುತ್ತಿದೆಯೆಂದು ಅಳೆಯುವ ಪ್ರೊಫೈಲರ್ ತೋರಿಸುವವರೆಗೆ ನಂಬಬೇಡಿ, ಏಕೆಂದರೆ ಗೆಟರ್ ಕರೆದಾಗ ತೆರೆದುಕೊಳ್ಳುವ ಲೇಜಿ ಕ್ವೆರಿಗಳೇ ನಿಜವಾದ ಕಾರಣವಾಗಿರುವುದು ಹೆಚ್ಚು. ಕಂಪೈಲ್ ಸಮಯದಲ್ಲೇ ನಕಲಿನ ಕೋಡನ್ನು ಬರೆದುಕೊಡುವ ಮ್ಯಾಪ್‌ಸ್ಟ್ರಕ್ಟ್‌ಗೆ ಹೋಗುವುದಾದರೆ ವೇಗಕ್ಕಿಂತ ಬೇರೊಂದು ಕಾರಣಕ್ಕೆ ಹೋಗಿ: ಹೊಂದದ ಗುರಿ ಗುಣಗಳನ್ನು ಅದು ಎಚ್ಚರಿಕೆಯಾಗಿ ತೋರಿಸುತ್ತದೆ, ಮತ್ತು ಆ ನೀತಿಯನ್ನು ಎರರ್ ಎಂದು ಬದಲಿಸಿದರೆ ಬಿಲ್ಡೇ ನಿಲ್ಲುತ್ತದೆ.

ದುರಸ್ತಿಯಾದ ಮೇಲೆ

ಕಾರಣ ಸಿಕ್ಕು ಕೋಡ್ ಸರಿಯಾದ ಬಳಿಕ, ಮೇಲೆ ಹೇಳಿದ ಹೋಲಿಕೆಯ ಮೆಥಡ್ಡನ್ನು ಆ ಕ್ಲಾಸ್ ಜೋಡಿಗೆ ಜೆಯುನಿಟ್ ಟೆಸ್ಟ್ ಆಗಿ ಸೇರಿಸಬೇಕು. ಬೇಕೆಂದೇ ಬಿಟ್ಟ ಗುಣಗಳ ಹೆಸರುಗಳನ್ನು ಟೆಸ್ಟಿನಲ್ಲಿ ಸ್ಪಷ್ಟವಾಗಿ ಬರೆದು, ಅವುಗಳ ಹೊರತು ಬೇರಾವುದಾದರೂ ಹೊಂದದಿದ್ದರೆ ಟೆಸ್ಟ್ ಬೀಳುವಂತೆ ಮಾಡಬೇಕು. ಟೈಪ್ ಬದಲಾವಣೆಯ ದೋಷವಾಗಿದ್ದರೆ ಇದು ಸಾಲದು, 1,240ರಂಥ ಮೌಲ್ಯವನ್ನೇ ಕೊಟ್ಟು ನೋಡುವ ಇನ್ನೊಂದು ಟೆಸ್ಟ್ ಬೇಕು.

ಡೇಟಾಬೇಸಿನಲ್ಲಿ ಆಗಲೇ ಉಳಿದುಹೋದ ತಪ್ಪು ಬಿಲ್ಲುಗಳು ಬೇರೆಯೇ ಕೆಲಸ. ದೋಷವಿದ್ದ ಆವೃತ್ತಿ ಬಿಡುಗಡೆಯಾದ ದಿನದಿಂದ ಸರಿಪಡಿಸಿದ ದಿನದವರೆಗಿನ ಬಿಲ್ಲುಗಳಲ್ಲಿ ಚೀಲಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದು ಹಮಾಲಿ ಸೊನ್ನೆ ಇರುವವನ್ನು ಕ್ವೆರಿಯಿಂದ ಹೆಕ್ಕಿ, ಸರಿಯಾದ ಮೊತ್ತವನ್ನು ಆ ದಿನದ ತೂಕದ ಚೀಟಿಯಿಂದ ಲೆಕ್ಕ ಹಾಕಬೇಕು. ಇಂದಿನ ಹಮಾಲಿ ದರವನ್ನು ಹಚ್ಚಬಾರದು, ನಡುವೆ ದರ ಬದಲಾಗಿರಬಹುದು. ಖರೀದಿದಾರರ ಕೈಯಲ್ಲಿ ಹಳೆಯ ಕಾಗದ ಇರುವುದರಿಂದ ಆ ಸಾಲುಗಳನ್ನು ಅಪ್‌ಡೇಟ್ ಮಾಡಿ ಸುಮ್ಮನಾಗುವಂತಿಲ್ಲ; ಹಳೆಯ ಬಿಲ್ಲನ್ನು ಇದ್ದಂತೆಯೇ ಬಿಟ್ಟು, ಅದರ ಸಂಖ್ಯೆಯನ್ನು ಉಲ್ಲೇಖಿಸುವ ವ್ಯತ್ಯಾಸದ ಬಿಲ್ಲನ್ನು ಪ್ರತ್ಯೇಕವಾಗಿ ಹೊರಡಿಸಿ, ಅಂಗಡಿಯವರಿಗೆ ಅವೆರಡರ ಜೋಡಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಬೇಕು.